ಎಡ ಹೆಗಲ ಟವಲ್ಲು

ಹೊಳೆ ದಂಡೇಲಿ ಒಂದು ಆಶ್ರಮ ಇತ್ತು. ಅಲ್ಲಿ ಹೊನ್ನಯ್ಯ ಅಂತ ಗುರುಗಳು. ಅವರ ಹತ್ರ ಕಲ್ಲೇಶಿ ಅಂತ ಶಿಷ್ಯ.

ಅಲ್ಲಿ ಏನು ಕಲಿಸ್ತಿದ್ರು ಗೊತ್ತಾ? ಮಂತ್ರ ಅಲ್ಲ, ಯೋಗ ಅಲ್ಲ. ಕಥೆ ಹೇಳೋದು! ಬರೀ ಕಥೆ ಹೇಳೋದು!

ಕಲ್ಲೇಶಿಗೆ ಕಥೆ ಅಂದ್ರೆ ಪ್ರಾಣ. ಆದ್ರೆ ಏನಂದ್ರೆ, ಅವಸರ. ಅವನು ಕಥೆ ಶುರು ಮಾಡಿದ್ರೆ ರಾಕ್ಷಸ ಊರೊಳಗೆ ಕಾಲಿಡೋಕ್ ಮುಂಚೇನೇ ಸತ್ತೋಗಿರ್ತಿದ್ದ.

ಒಂದಿನ ಬೆಳಿಗ್ಗೆ ಗುರುಗಳ ಮುಂದೆ ಕೂತು ಹೇಳ್ದ.

"ರಾಕ್ಷಸ ಬಂದ ಗುರುಗಳೇ. ಅಜ್ಜೀನ ತಿಂತೀನಿ ಅಂತ ಹೇಳ್ದ. ಅಜ್ಜಿ ದಯವಿಟ್ಟು ತಿನ್ಬೇಡ ಅಂತ ಕೇಳ್ಕೊಂಡ್ಲು. ಆಗಲ್ಲ ಅಂತ ರಾಕ್ಷಸ ತಿಳಿಸ್ದ. ಆಮೇಲೆ ಅಜ್ಜಿ—"

"ರಾಕ್ಷಸ ಎಲ್ಲಿ?" ಅಂದ್ರು ಗುರುಗಳು.

"ಅಜ್ಜಿ ಮನೆ ಬಾಗಿಲಲ್ಲಿ ಗುರುಗಳೇ."

"ನಂಗೆ ಕಾಣ್ಲಿಲ್ಲ."

"ಅಜ್ಜಿ ಕಂಡ್ಲಾ?"

"ಅಜ್ಜೀನೂ ಕಾಣ್ಲಿಲ್ಲ. ನೀನೊಬ್ನೇ ಕಂಡೆ. ಅಜ್ಜಿ ಬಾಯಲ್ಲೂ ನೀನೇ ಮಾತಾಡ್ತಿದ್ದೆ, ರಾಕ್ಷಸನ ಬಾಯಲ್ಲೂ ನೀನೇ ಮಾತಾಡ್ತಿದ್ದೆ."

ಕಲ್ಲೇಶಿ ತಲೆ ಕೆರ್ಕೊಂಡ. "ಹಂಗಾದ್ರೆ ನಾನು ಎಲ್ಲಿಗೆ ಹೋಗ್ಲಿ ಗುರುಗಳೇ?"

ಗುರುಗಳು ಗೂಟದ ಮೇಲಿದ್ದ ಟವಲ್ ತೆಗೆದು ಅವನ ಹೆಗಲ ಮೇಲೆ ಹಾಕಿದ್ರು.

ಅಯ್ಯೋ, ಈ ಟವಲ್ ವಿಷಯ ಹೇಳ್ಲೇಬೇಕು, ಕೇಳಿ.

ಆ ಸುತ್ತಮುತ್ತ ಯಾರಾದ್ರೂ ಮಾತು ಬಿಟ್ರು ಅಂತ ಇಟ್ಕೊಳ್ಳಿ. ಅತ್ತೆ ಸೊಸೆ, ಅಣ್ಣ ತಮ್ಮ, ಅಕ್ಕಪಕ್ಕದ ಮನೆಯೋರು. ಆಣೆ ಇಟ್ಟು ಕೂತಿರ್ತಾರೆ, ಮಾತಾಡಂಗಿಲ್ಲ. ಆದ್ರೆ ಹೇಳೋದು ಹೊಟ್ಟೆ ತುಂಬ ಇದೆ! ಏನ್ ಮಾಡ್ತಾರೆ? ಆಶ್ರಮಕ್ಕೆ ಬರ್ತಾರೆ. ಶಿಷ್ಯ ಅವರ ಮಾತು ಹೊತ್ಕೊಂಡು ಹೋಗ್ತಾನೆ.

ಟವಲ್ ಬಲ ಹೆಗಲ ಮೇಲಿದ್ರೆ ಅವನು ಶಿಷ್ಯ, ಆಡೋದು ಅವನ ಮಾತು. ಎಡ ಹೆಗಲಿಗೆ ಬಂತೋ, ಅವನು ಅವನಲ್ಲ! ಮಾತು ಕಳಿಸಿದೋರೇ ಬಂದು ಎದುರಿಗೆ ನಿಂತಂಗೆ. ಅವನು ಬೈದ್ರೆ ಅವನ ಮೇಲೆ ಸಿಟ್ಟು ಮಾಡ್ಕೊಳ್ಳಂಗಿಲ್ಲ. ಬೇಕಾದ್ರೆ ಆ ಟವಲ್ಗೆ ತಿರುಗಿ ಬೈಬಹುದು. ಆಣೆ ಮುರ್ದಂಗೆ ಆಗಲ್ಲ. ಹೊಳೆ ಆಚೆಗೂ ಈಚೆಗೂ ಇದು ಎಲ್ರಿಗೂ ಗೊತ್ತು.

ಕಲ್ಲೇಶಿ ಇಲ್ಲೀವರೆಗೂ ಆ ಟವಲ್ ಮುಟ್ಟಿರ್ಲಿಲ್ಲ. ಈಗ ಹೆಗಲ ಮೇಲೆ ಬಿತ್ತಲ್ಲ, ಕುಣಿಯೋದೊಂದು ಬಾಕಿ!

ಅಷ್ಟರಲ್ಲಿ ಪಾಪಣ್ಣ ಬಂದ.

ಪಾಪಣ್ಣ ಅಂದ್ರೆ ಓಲಗದ ಪಾಪಣ್ಣ. ಆಶ್ರಮದ ಹಿಂದೇನೇ ಅವನ ಮನೆ. ಅವನು ಓಲಗ ಊದಿದ್ರೆ ಹೊಳೆ ನೀರು ನಿಂತು ಕೇಳುತ್ತೆ ಅನ್ನಿಸ್ಬೇಕು, ಹಂಗೆ ಊದ್ತಿದ್ದ. ಅವನ ತಮ್ಮ ಗೋಪಾಲಿ ಡೋಲು. ಇವರಿಬ್ರೂ ಜೊತೇಲಿದ್ರೆ ಅದೇ ಮದುವೆ!

ಆದ್ರೆ ಇಬ್ರೂ ಮಾತು ಬಿಟ್ಟಿದ್ರು.

ಹೋದ್ ವರ್ಷ ಯಾರದ್ದೋ ಮದುವೇಲಿ ಗೋಪಾಲಿ ಒಂದು ಪೆಟ್ಟು ಹಿಂದೆ ಬಿದ್ದ. ಪಾಪಣ್ಣ ಓಲಗ ನಿಲ್ಲಿಸ್ಬಿಟ್ಟ. ಚಪ್ಪರದ ತುಂಬ ಜನ! ಎಲ್ರ ಮುಂದೆ ಅಂದ್ಬಿಟ್ಟ, "ಡೋಲು ಬಾರಿಸ್ತಿದ್ದೀಯೋ ಅವಲಕ್ಕಿ ಕುಟ್ತಿದ್ದೀಯೋ?" ಜನ ಗೊಳ್ಳಂತ ನಕ್ರು.

ಗೋಪಾಲಿ ಡೋಲು ಹೆಗಲಿಗೇರಿಸ್ಕೊಂಡು ಹೊಳೆ ದಾಟಿ ಹೆಂಡ್ತಿ ಊರಿಗೆ ಹೋದೋನು ತಿರುಗಿ ಬರ್ಲಿಲ್ಲ. ಪಾಪಣ್ಣ ಓಲಗ ಮುಟ್ಟಿ ಆಣೆ ಇಟ್ಟ, ಇನ್ಮೇಲೆ ಅವನ ಜೊತೆ ಮಾತಾಡಿದ್ರೆ ಕೇಳಿ ಅಂತ.

ಈಗ ನೋಡಿ, ಪಾಪಣ್ಣನ ಮಗಳು ಪದ್ಮನ ಮದುವೆ. ನಾಳೆ ಬೆಳಿಗ್ಗೆ!

"ಗುರುಗಳೇ, ನಮ್ ಮನೇಲಿ ಹೆಣ್ಮಗು ಹಸೆಮಣೆಗೆ ಬರೋವಾಗ ಅಪ್ಪ ಓಲಗ ಊದ್ಬೇಕು, ಚಿಕ್ಕಪ್ಪ ಡೋಲು ಬಾರಿಸ್ಬೇಕು. ನಮ್ಮಪ್ಪನ ಕಾಲದಿಂದ ನಡ್ಕೊಂಡ್ ಬಂದೈತೆ," ಅಂದ ಪಾಪಣ್ಣ. "ಈಗ ಪದ್ದಿ ಒಳಗೆ ಬಾಗ್ಲು ಹಾಕ್ಕೊಂಡ್ ಕೂತವ್ಳೆ. 'ಚಿಕ್ಕಪ್ಪನ ಡೋಲು ನನ್ ಕಿವಿಗೆ ಬೀಳೋಗಂಟ ನಾನು ಹೊಸ್ಲು ದಾಟಾಕಿಲ್ಲ, ಗಂಡಿನ ಕಡೆಯೋರು ಬಂದ ದಾರೀಲೆ ಹೋಗ್ಲಿ' ಅಂತವ್ಳೆ."

"ಏನು ಹೇಳಿ ಕಳಿಸ್ತೀಯ?" ಅಂದ್ರು ಗುರುಗಳು.

ಪಾಪಣ್ಣ ಹೊಳೆ ಕಡೆ ನೋಡ್ಕೊಂಡು ಅಂದ.

"ಲೇ ಕತ್ತೆ. ನಾಳೆ ಬೆಳಿಗ್ಗೆ ಪದ್ದಿ ಮದ್ವೆ. ನಿನ್ ಡೋಲಿಲ್ದೆ ನಾನು ಓಲಗ ಬಾಯ್ಗಿಡಾಕಿಲ್ಲ. ತಿಳೀತಾ, ಕತ್ತೆ?" ಆಮೇಲೆ ಮುಖ ಪೂರ್ತಿ ಆ ಕಡೆ ತಿರುಗಿಸ್ಕೊಂಡ. "ಆ ಬೆರಳ್ಗೆ ಎಣ್ಣೆ ಹಾಕ್ಕೊತಿದ್ದೀಯಾ? ಹಾಕ್ಕೊಂಡಿರಾಕಿಲ್ಲ. ಕತ್ತೆ."

ಕಲ್ಲೇಶಿ ಆಗ್ಲೇ ತೆಪ್ಪದ ಹತ್ರ ಓಡಿದ್ದ!

ತೆಪ್ಪ ಗಿರಗಿರ ತಿರುಗ್ತಾ ಹೋಯ್ತು. ಕಲ್ಲೇಶಿ ತಲೆ ಅದಕ್ಕಿಂತ ಜೋರಾಗಿ ತಿರುಗ್ತಿತ್ತು. ಮದುವೆ ಮನೆ ಮಾತು, ಅದ್ರಲ್ಲಿ ಇಷ್ಟು ಕತ್ತೆ ಯಾಕೆ? ಎಣ್ಣೆ ಯಾಕೆ? ಜಗಳ ಆಡಿದೋರ ಮಧ್ಯೆ ಒಳ್ಳೇ ಮಾತು ಆಡ್ಬೇಕಪ್ಪ. ನಾನು ಚೆನ್ನಾಗಿ ಹೇಳ್ತೀನಿ. ನಾನು ಕಥೆ ಕಲಿತೋನಲ್ವಾ?

ಆಚೆ ದಡದಲ್ಲಿ ಗೋಪಾಲಿ ಜಗಲಿ ಮೇಲೆ ಹೆಂಡ್ತಿ ತಾಯಮ್ಮನ ಜೊತೆ ಅವರೆಕಾಯಿ ಸುಲೀತಾ ಕೂತಿದ್ದ. ಡೋಲು ಗೋಡೆ ಮೇಲೆ, ಬಟ್ಟೆ ಮುಚ್ಕೊಂಡು ನೇತಾಡ್ತಿತ್ತು.

ಕಲ್ಲೇಶಿ ಟವಲ್ನ ಬಲ ಹೆಗಲ ಮೇಲೇ ಸರಿ ಮಾಡ್ಕೊಂಡು, ಗಂಟಲು ಸರಿ ಮಾಡ್ಕೊಂಡು, ಶುರು ಮಾಡ್ದ.

"ನಿಮ್ಮ ಅಣ್ಣನವರು ಕ್ಷೇಮವಾಗಿದ್ದಾರೆ. ನಾಳೆ ಬೆಳಿಗ್ಗೆ ಅವರ ಮಗಳ ವಿವಾಹ ಇರೋದರಿಂದ, ತಾವು ದಯಮಾಡಿ ಬಂದು ಡೋಲು ಬಾರಿಸಿಕೊಡಬೇಕು ಅಂತ ಕೇಳಿಕೊಂಡಿದ್ದಾರೆ."

ಗೋಪಾಲಿ ಕೈಯಲ್ಲಿದ್ದ ಕಾಯಿ ಅಲ್ಲೇ ನಿಲ್ತು.

"'ತಾವು' ಅಂದ್ನಾ?"

"ಹೂಂ."

"ನಮ್ಮಣ್ಣ? 'ದಯಮಾಡಿ' ಅಂದ್ನಾ?"

"ಹೂಂ... ಅಂದಂಗೇ."

ಗೋಪಾಲಿ ಹೆಂಡ್ತಿ ಮುಖ ನೋಡ್ದ. "ಕೇಳಿದ್ಯೇನೇ? ಹುಟ್ದಾಗಿಂದ ಕತ್ತೆ ಕತ್ತೆ ಅಂತಿದ್ದೋನು. ಜ್ವರ ಬಂದು ಮಲ್ಗಿದ್ದಾಗ ತಲೆ ಮೇಲೆ ಒದ್ದೆ ಬಟ್ಟೆ ಹಾಕ್ತಾನೂ ಕತ್ತೆ ಅಂದೋನು. ಈಗ 'ತಾವು' ಅಂತೆ. ಯಾವ್ದೋ ಊರಿಂದ ಕರ್ಸೋ ಡೋಲಿನೋರ್ಗೆ ಹೇಳ್ದಂಗೆ ಹೇಳವ್ನೆ." ಅವನ ದನಿ ಒಡೀತು. "ಮುಗೀತು ಬಿಡು. ಅವನ್ಗೆ ನಾನೀಗ ಕತ್ತೆನೂ ಅಲ್ಲ!"

"ಅಯ್ಯೋ, ಹಂಗಲ್ಲ ಗೋಪಾಲಣ್ಣ—"

"ಹೋಗಪ್ಪಾ. ತಾವು ಬೇರೆ ಡೋಲಿನೋರ್ನ ನೋಡ್ಕೊಳ್ಳಿ ಅಂತ ಹೇಳ್ಬಿಡು."

ಕಲ್ಲೇಶಿ ವಾಪಸ್ ಬಂದ. ಜೋಲುಮುಖ. ಪಾಪಣ್ಣ ದಡದಲ್ಲೇ ಕಾಯ್ತಿದ್ದ, ಓಲಗ ಎದೆಗಾನಿಸ್ಕೊಂಡು.

"ಬರಲ್ವಂತೆ," ಅಂದ ಕಲ್ಲೇಶಿ.

ಪಾಪಣ್ಣ ಅಲ್ಲೇ ಕಲ್ಲಿನ ಮೇಲೆ ಕೂತ್ಬಿಟ್ಟ.

ಗುರುಗಳು ಊಟಕ್ಕೆ ಕೂತಿದ್ರು. "ನೀನು ಏನಂದೆ ಕಲ್ಲೇಶಿ?"

"ಪಾಪಣ್ಣ ಹೇಳಿದ್ದೇ ಗುರುಗಳೇ. ಸ್ವಲ್ಪ ಚೆನ್ನಾಗಿ ಮಾಡಿ ಹೇಳ್ದೆ. ಆ ಬೈಗುಳ, ಆ ಎಣ್ಣೆ ಗಿಣ್ಣೆ, ಅದೆಲ್ಲ ತೆಗೆದ್ಬಿಟ್ಟೆ."

"ಹಸಿವಾಯ್ತಾ?"

"ಸಿಕ್ಕಾಪಟ್ಟೆ!"

ಗುರುಗಳು ಅವನಿಗೆ ಒಂದು ಮುದ್ದೆ ಇಟ್ರು. ಜಾಡಿಯಿಂದ ಮಾವಿನಕಾಯಿ ಉಪ್ಪಿನಕಾಯಿ ಒಂದು ಹೋಳು ತೆಗೆದ್ರು. ಕೆಂಪಗೆ, ಎಣ್ಣೆ ತೊಟ್ಟಿಕ್ತಾ ಇತ್ತು! ಕಲ್ಲೇಶಿ ಬಾಯಲ್ಲಿ ನೀರು.

ಗುರುಗಳು ಆ ಹೋಳನ್ನ ಚೊಂಬಿನ ನೀರಲ್ಲಿ ಅದ್ದಿದ್ರು. ಚೆನ್ನಾಗಿ ಉಜ್ಜಿ ಉಜ್ಜಿ ತೊಳೆದ್ರು. ಬಟ್ಟೆಯಿಂದ ಒರೆಸಿದ್ರು. ಆಮೇಲೆ ಅವನ ತಟ್ಟೆಗೆ ಹಾಕಿದ್ರು.

"ಗುರುಗಳೇ! ಉಪ್ಪಿನಕಾಯೀನ ತೊಳೀತಾರಾ ಯಾರಾದ್ರೂ?"

"ಖಾರ ಇತ್ತು. ಸ್ವಲ್ಪ ಚೆನ್ನಾಗಿ ಮಾಡಿ ಕೊಟ್ಟೆ."

ಕಲ್ಲೇಶಿ ಕಚ್ಚಿ ನೋಡ್ದ. ಏನೂ ಇಲ್ಲ. ಮರದ ಚಕ್ಕೆ ಕಚ್ಚಿದಂಗೆ.

ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದ! ಪಾಪಣ್ಣನ ಹತ್ರ ಓಡಿ ಹೋಗಿ ಕಾಲ ಹತ್ರ ಕೂತ.

"ಪಾಪಣ್ಣೋರೇ, ಇನ್ನೊಂದ್ ಸಲ ಹೇಳಿ. ಹಂಗಂಗೇ ಹೇಳಿ. ಕತ್ತೆ ಎಲ್ಲೆಲ್ಲಿ ಬಂತೋ ಅಲ್ಲಲ್ಲೇ ಬರ್ಲಿ."

ಪಾಪಣ್ಣ ಹೇಳ್ದ. ಕಲ್ಲೇಶಿ ಈ ಸಲ ಕಿವೀಲಿ ಮಾತ್ರ ಕೇಳ್ಲಿಲ್ಲ, ಕಣ್ಣಲ್ಲೂ ಕೇಳ್ದ. ಎಣ್ಣೆ ಅನ್ನೋವಾಗ ಪಾಪಣ್ಣನ ದನಿ ಹೆಂಗೆ ಒಳಕ್ಕೆ ಹೋಯ್ತು, ಮುಖ ಹೆಂಗೆ ಆ ಕಡೆ ತಿರುಗ್ತು, ಎಲ್ಲಾ!

"ಗುರುಗಳೇ, ಈ ಸಲ ಎಡಗಡೆ ಹಾಕ್ಕೋಬಹುದಾ?"

ಗುರುಗಳು ತಲೆ ಆಡಿಸಿದ್ರು. "ಹಾಕ್ಕೊಂಡ್ಮೇಲೆ ಒಳಗೆ ಬೇರೆ ಯಾರನ್ನೂ ಬಿಡ್ಬೇಡ."

"ಯಾರನ್ನ ಗುರುಗಳೇ? ತೆಪ್ಪದಲ್ಲಿ ನಾನೊಬ್ನೇ ಹೋಗೋದು!"

"ಅವನನ್ನೇ," ಅಂದ್ರು ಗುರುಗಳು.

ಕಲ್ಲೇಶಿ ಅದನ್ನ ಕೇಳಿಸ್ಕೊಂಡ್ನೋ ಇಲ್ವೋ! ತೆಪ್ಪ ಆಗ್ಲೇ ನಡುನೀರಲ್ಲಿತ್ತು.

ಈಗ ಕೇಳಿ, ಅಬ್ಬಬ್ಬಾ!

ಗೋಪಾಲಿ ಮನೆ ಜಗಲಿ ಮುಂದೆ ಕಲ್ಲೇಶಿ ನಿಂತ. ಟವಲ್ ಬಲ ಹೆಗಲಿಂದ ತೆಗೆದ. ಎಡ ಹೆಗಲಿಗೆ ಹಾಕ್ದ. ಗೋಪಾಲಿ ಎದ್ದು ನಿಂತ್ಬಿಟ್ಟ, ಮಡಿಲಲ್ಲಿದ್ದ ಅವರೆಕಾಯಿ ಎಲ್ಲಾ ನೆಲಕ್ಕೆ!

ಕಲ್ಲೇಶಿ ಹೊಟ್ಟೆ ಮುಂದಕ್ಕೆ ಬಂತು. ಕೆನ್ನೆ ಉಬ್ತು. ಓಲಗ ಊದಿ ಊದಿ ದಪ್ಪ ಆಗಿರೋ ಆ ಗಂಟಲು ಎಲ್ಲಿಂದ ಬಂತೋ!

"ಲೇ ಕತ್ತೆ!"

ಗೋಪಾಲಿ ನಡುಗ್ದ.

"ನಾಳೆ ಬೆಳಿಗ್ಗೆ ಪದ್ದಿ ಮದ್ವೆ. ನಿನ್ ಡೋಲಿಲ್ದೆ ನಾನು ಓಲಗ ಬಾಯ್ಗಿಡಾಕಿಲ್ಲ. ತಿಳೀತಾ, ಕತ್ತೆ?"

"ತಿಳೀತು ಹೋಗೋ!" ಗೋಪಾಲಿ ಟವಲ್ ಕಡೆ ಕೈ ಮಾಡಿ ಕೂಗ್ದ. "ಜನದ್ ಮುಂದೆ ಅವಲಕ್ಕಿ ಅಂದ್ಯಲ್ಲಾ! ಅಲ್ಲಿ ನಗ್ತಿದ್ದೋರ್ನೆಲ್ಲ ನೋಡಿದ್ಯಾ ನೀನು? ಇವತ್ಗೂ ಅವಲಕ್ಕಿ ಬಾಯ್ಗಾಕಿಲ್ಲ ನಾನು!"

"ಅನ್ನು, ಅನ್ನು!" ಅಂದ್ಲು ತಾಯಮ್ಮ. "ದಿನಾ ನನ್ ಹತ್ರ ಅಂತಿದ್ದೆ. ಈಗ ಭಾವನ ಹತ್ರನೇ ಅನ್ನು. ನನ್ ಕಿವಿಗೆ ಸ್ವಲ್ಪ ಬಿಡುವಾಗ್ಲಿ."

ಕಲ್ಲೇಶಿ ಅಲ್ಲಾಡ್ಲಿಲ್ಲ. ಮುಖ ಹೊಳೆ ಕಡೆ ತಿರುಗಿಸ್ದ. ದನಿ ಒಳಕ್ಕೆ ಹೋಯ್ತು.

"ಆ ಬೆರಳ್ಗೆ ಎಣ್ಣೆ ಹಾಕ್ಕೊತಿದ್ದೀಯಾ? ಹಾಕ್ಕೊಂಡಿರಾಕಿಲ್ಲ. ಕತ್ತೆ."

ಗೋಪಾಲಿ ಬಾಯಿ ತೆರೆದೋನು ಹಂಗೇ ನಿಂತ.

ನಿಧಾನಕ್ಕೆ ಬಲಗೈ ಎತ್ತಿ ನೋಡ್ಕೊಂಡ. ನಡುಬೆರಳು, ಉದ್ದಕ್ಕೂ ಸೀಳಿದ ಗಾಯದ ಗುರುತು. ಆವತ್ತು ಆ ಮದುವೇಲಿ ಬೆರಳು ಬಿರಿದು ರಕ್ತ ಬರ್ತಿತ್ತು. ಅದಕ್ಕೇ ಪೆಟ್ಟು ಹಿಂದೆ ಬಿದ್ದಿದ್ದು. ಅವನು ಯಾರ ಹತ್ರಾನೂ ಹೇಳಿರ್ಲಿಲ್ಲ.

"ಅವನ್ಗೆ ಗೊತ್ತು," ಅಂದ ಗೋಪಾಲಿ, ಹೆಂಡ್ತಿಗೆ. "ತಾಯಮ್ಮ, ಅಣ್ಣಂಗೆ ಗೊತ್ತು ಕಣೇ."

ಅವನ ಕಣ್ಣು ತುಂಬ್ಕೊಂಡ್ವು.

ಇಲ್ಲಿ ನಿಲ್ಲಿಸ್ಬೇಕಿತ್ತಾ ಇಲ್ವಾ? ನಿಲ್ಲಿಸ್ಬೇಕಿತ್ತು! ಆದ್ರೆ ಕಲ್ಲೇಶಿಗೆ ಖುಷಿ ತಡೆಯೋಕೇ ಆಗ್ಲಿಲ್ಲ. ಇನ್ನೊಂದೇ ಒಂದು ತಳ್ಳು ತಳ್ಳಿದ್ರೆ ಗೋಪಾಲಣ್ಣ ತೆಪ್ಪಕ್ಕೆ ಹಾರ್ತಾರೆ ಅನ್ನಿಸ್ತು. ಟವಲ್ ಎಡಗಡೇನೇ ಇತ್ತು. ಎರಡೂ ಕೈ ಚಾಚ್ದ, ದನಿ ನಡುಗಿಸ್ದ.

"ತಮ್ಮಾ! ತಪ್ಪೆಲ್ಲಾ ನಂದೇ ತಮ್ಮಾ! ನನ್ನ ಕ್ಷಮಿಸ್ಬಿಡು! ಬಾ!"

ಗೋಪಾಲಿ ಮುಖ ಕಲ್ಲಾಯ್ತು.

"ಇದ್ಯಾರು?" ಅಂದ.

"ನಾನು ನಿಮ್ಮಣ್ಣ—"

"ಇದು ನಮ್ಮಣ್ಣ ಅಲ್ಲ."

"ಹೆಂಗೊತ್ತಾಯ್ತು?" ಬಾಯಿಂದ ಹಂಗೇ ಬಿದ್ದೋಯ್ತು! ಕಲ್ಲೇಶಿ ನಾಲಿಗೆ ಕಚ್ಕೊಂಡ.

"ಆ ಮಾತು ಅವನು ಆಗ್ಲೇ ಹೇಳಿದ್ನಲ್ಲೋ. ಎಣ್ಣೆ ಹಾಕ್ಕೊತಿದ್ದೀಯಾ ಅಂದ್ನಲ್ಲ. ಅದೇ ಅವನು ಕೈ ಮುಗಿಯೋದು. ಮತ್ತೆ ನೀನ್ಯಾಕೆ ಇನ್ನೊಂದ್ಸಲ ಅವನ ಕೈ ಮುಗ್ಸಿದೆ?"

ಕಲ್ಲೇಶಿ ಚಾಚಿದ್ದ ಕೈ ಕೆಳಗಿಳಿಸ್ದ.

"ಈಗ ಹೇಳು. ಎಣ್ಣೆ ಮಾತು ಅವನ್ದಾ, ಅದೂ ನಿನ್ದೇನಾ?"

"ಅದು ಅವರ್ದು ಗೋಪಾಲಣ್ಣ! ನಿಜವಾಗ್ಲೂ ಅವರ್ದೇ!"

"ಏನಂತ ನಂಬ್ಲಿ?" ಗೋಪಾಲಿ ಕೈ ಚಾಚಿ ಅವನ ಎಡ ಹೆಗಲಿಂದ ಟವಲ್ ಎಳ್ಕೊಂಡ್ಬಿಟ್ಟ. "ಇದು ಇಲ್ಲೇ ಇರ್ಲಿ. ಹೋಗು. ನಾನೇನೂ ಹೇಳಾಕಿಲ್ಲ."

ಗೋಡೆ ಮೇಲಿನ ಡೋಲು ಇಳಿಸ್ಕೊಂಡ. ಬೆನ್ನು ತಿರುಗಿಸ್ಕೊಂಡು ಕೂತ. ಬೆರಳಲ್ಲಿ ಒಂದ್ಸಲ ತಟ್ಟಿದ. ಟೊಣ್.

ಕಲ್ಲೇಶಿ ಬರಿ ಹೆಗಲಲ್ಲಿ ತೆಪ್ಪ ಹತ್ತಿದ.

ಈಚೆ ದಡದಲ್ಲಿ ಪಾಪಣ್ಣ ಕಲ್ಲಿನಿಂದ ಎದ್ದು ನೀರಿಗೇ ಇಳಿದ್ಬಿಟ್ಟಿದ್ದ. "ಏನಂದ? ಏನಂದ?"

"ಏನೂ ಹೇಳ್ಲಿಲ್ಲ."

ಪಾಪಣ್ಣ ದಡಕ್ಕೆ ಬಂದು ಓಲಗಾನ ಬಟ್ಟೆ ಚೀಲಕ್ಕೆ ಹಾಕ್ದ. ಚೀಲದ ಬಾಯಿಗೆ ದಾರ ಸುತ್ತೋಕೆ ಶುರು ಮಾಡ್ದ. ಆ ಕಡೆ ಅವನ ಮನೆ ಮುಂದೆ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ತಿದ್ರು. ಪದ್ಮನ ಕೋಣೆ ಬಾಗಿಲು ಮುಚ್ಚೇ ಇತ್ತು.

"ಟವಲ್ ಎಲ್ಲಿ?" ಅಂದ್ರು ಗುರುಗಳು.

"ಗೋಪಾಲಣ್ಣ ಕಿತ್ಕೊಂಡ್ರು. ಎಡ ಹೆಗಲಲ್ಲಿದ್ದಾಗ ನನ್ ಮಾತು ಒಂದು ಸೇರಿಸ್ಬಿಟ್ಟೆ." ಕಲ್ಲೇಶಿ ಅಳೋದೊಂದು ಬಾಕಿ. "ನನ್ನ ಆಶ್ರಮದಿಂದ ಕಳಿಸ್ಬಿಡ್ತೀರಾ?"

"ಆಮೇಲೆ ಏನಾಯ್ತು?"

"ಆಮೇಲೆ ಅವರು ಏನೂ ಹೇಳ್ಲಿಲ್ಲ."

"ಏನೂ ಹೇಳ್ದೆ ಏನು ಮಾಡ್ದ?"

"ಡೋಲು ಇಳಿಸ್ಕೊಂಡ್ರು. ಬೆನ್ನು ಹಾಕಿ ಕೂತ್ರು. ಟಣ್ ಅಂತ ತಟ್ಟಿದ್ರು. ಅಷ್ಟೇ."

ದಾರ ಸುತ್ತುತ್ತಿದ್ದ ಪಾಪಣ್ಣನ ಕೈ ನಿಲ್ತು.

"ಹೆಂಗೆ ಟಣ್?" ಅಂದ ಪಾಪಣ್ಣ.

"ಟಣ್."

"ಅದು ನಿನ್ ಟಣ್ಣು. ಅವನ ಟಣ್ಣು ಹೆಂಗಿತ್ತು?"

"ಟೊಣ್? ಅಲ್ಲ... ಟಣ್ಣ್? ಸ್ವಲ್ಪ ಕೆಳಗಿತ್ತು ಅನ್ಸುತ್ತೆ. ಟುಣ್?"

ಪಾಪಣ್ಣ ತಲೆ ಮೇಲೆ ಕೈ ಹೊತ್ತ. "ಅಯ್ಯೋ ಶಿವನೇ, ಇವನು ಅದನ್ನೇ ಬಿಟ್ ಬಂದವ್ನೆ!"

"ಹೋಗು," ಅಂದ್ರು ಗುರುಗಳು. "ಕೇಳಿಸ್ಕೊಂಡು ಬಾ."

"ಏನನ್ನ ಗುರುಗಳೇ?"

"ಏನೂ ಹೇಳ್ಲಿಲ್ಲ ಅಂದ್ಯಲ್ಲ, ಅದನ್ನ."

ಮತ್ತೆ ತೆಪ್ಪ! ಮತ್ತೆ ಗಿರಗಿರ! ಹೊತ್ತು ಬೇರೆ ಇಳೀತಿತ್ತು.

"ಬಂದ ನೋಡು ಮತ್ತೆ," ಅಂದ್ಲು ತಾಯಮ್ಮ. "ಈ ಹುಡುಗ ಇವತ್ತೇ ತೆಪ್ಪದ ತಳ ಸವೆಸ್ತಾನೆ."

ಗೋಪಾಲಿ ತಿರುಗಿ ನೋಡ್ಲಿಲ್ಲ. "ಯಾಕ್ ಬಂದೆ? ಟವಲ್ಗಾ?"

"ಟವಲ್ ಬೇಡ ಗೋಪಾಲಣ್ಣ. ಸುಮ್ನೆ ಬಂದೆ. ಇಲ್ಲಿ ಕೂತ್ಕೊಳ್ಳಾ?"

"ಜಗಲಿ ಏನು ನಂದಾ? ಮಾವನ್ದು. ಕೂತ್ಕೋ."

ಕಲ್ಲೇಶಿ ಕೂತ. ಹುಟ್ಟಿದಾಗಿಂದ ಅಷ್ಟು ಸುಮ್ನೆ ಅವನು ಯಾವತ್ತೂ ಕೂತಿರ್ಲಿಲ್ಲ! ಏನೋ ಕೇಳ್ಬೇಕು ಅನ್ನಿಸೋದು, ತುಟಿ ಕಚ್ಕೊಳ್ಳೋನು. ಕ್ಷಮಿಸಿ ಅನ್ನೋಣ ಅನ್ನಿಸೋದು, ಅದನ್ನೂ ನುಂಗ್ಕೊಳ್ಳೋನು.

ಗೋಪಾಲಿ ಡೋಲಿನ ಮೇಲೆ ಬಗ್ಗಿ ಕಿವಿ ಇಟ್ಟ. ತಟ್ಟಿದ. ಟೊಣ್.

ಬಾರು ಎಳೆದು ಒಂಚೂರು ಬಿಗಿದ. ತಟ್ಟಿದ. ಟೊಣ್ಣ್.

ಇನ್ನೊಂಚೂರು ಬಿಗಿದ. ತಲೆ ಅಲ್ಲಾಡಿಸ್ದ. ಸಡಿಲ ಮಾಡ್ದ. ತಾಯಮ್ಮ ಎಣ್ಣೆ ಬಟ್ಟಲು ತಂದು ಅವನ ಪಕ್ಕ ಇಟ್ಟು ಹೋದ್ಲು. ಮಾತಿಲ್ಲ. ಅವನು ನಡುಬೆರಳು ಅದ್ರಲ್ಲಿ ಅದ್ದಿ, ಒರೆಸ್ಕೊಂಡು, ಮತ್ತೆ ತಟ್ಟಿದ.

ಟಣ್.

ಈ ಸಲ ತಲೆ ಅಲ್ಲಾಡಿಸ್ಲಿಲ್ಲ. ಇನ್ನೊಂದ್ಸಲ ತಟ್ಟಿದ. ಅದೇ. ಟಣ್. ಕಣ್ಣು ಮುಚ್ಕೊಂಡ.

ಇದೇ! ಕಲ್ಲೇಶಿ ಎದ್ದ. ಆ ದನೀನ ಬಾಯೊಳಗೆ ಇಟ್ಕೊಂಡ, ಬಿಸಿ ಬಿಸಿ ಕಡುಬು ಇಟ್ಕೊಂಡಂಗೆ. ಟಣ್, ಟಣ್, ಟಣ್ ಅಂತ ಒಳಗೊಳಗೇ ಅಂದ್ಕೊತಾ ಓಡ್ದ!

ತೆಪ್ಪ ತಳ್ಳಿದ. ಟಣ್. ಹುಟ್ಟು ಹಾಕ್ದ. ಟಣ್. ಎಲ್ಲಿ ಜಾರ್ಕೊಂಡ್ಬಿಡುತ್ತೋ ಅಂತ ಉಸಿರು ಬಿಡೋಕೂ ಭಯ!

ನಡುಹೊಳೇಲಿ ಮೀನು ಹಿಡಿಯೋನೊಬ್ಬ ಬಲೆ ಹಾಕ್ತಿದ್ದ. "ಏನೋ ಕಲ್ಲೇಶಿ, ನಾಳೆ ಮದ್ವೆ ಊಟ ಎಷ್ಟೊತ್ಗೋ?"

"ಟಣ್!"

"ಏನು?"

"ಟಣ್! ಟಣ್!"

"ಅಯ್ಯೋ ಪಾಪ, ಚೆನ್ನಾಗಿದ್ದ ಹುಡುಗ," ಅಂದ್ಕೊಂಡ ಅವನು.

ದಡ ಮುಟ್ತು. ಕಲ್ಲೇಶಿ ನೀರಲ್ಲಿ ಬಿದ್ದ, ಎದ್ದ, ಮೂಗಲ್ಲಿ ಬಾಯಲ್ಲಿ ನೀರು, ಆದ್ರೂ ಅದನ್ನ ಬಿಡ್ಲಿಲ್ಲ! ಪಾಪಣ್ಣನ ಮುಂದೆ ನಿಂತ. ಕ್ಷೇಮಾನೂ ಇಲ್ಲ, ನಮಸ್ಕಾರಾನೂ ಇಲ್ಲ. ಕೆಳಗೆ ಕೂತು, ಬೆನ್ನು ತಿರುಗಿಸ್ಕೊಂಡ. ಇಲ್ಲದ ಡೋಲಿನ ಮೇಲೆ ಕಿವಿ ಇಟ್ಟ. ಇಲ್ಲದ ಬಾರು ಎಳೆದ. ಇಲ್ಲದ ಬಟ್ಟಲಲ್ಲಿ ನಡುಬೆರಳು ಅದ್ದಿ, ಒರೆಸ್ಕೊಂಡ.

ಪಾಪಣ್ಣನ ಉಸಿರು ಸಿಕ್ಕಾಕ್ಕೊಂಡಿದ್ದು ಅವನಿಗೆ ಹಿಂದಿನಿಂದ ಕೇಳಿಸ್ತು.

ತಟ್ಟಿದ.

"ಟಣ್."

ಪಾಪಣ್ಣ ದಾರ ಬಿಚ್ಚಿದ್ನೋ ಕಿತ್ನೋ ಗೊತ್ತಿಲ್ಲ, ಓಲಗ ಹೊರಗೆ ಬಂತು. ತುಟಿ ಒದ್ದೆ ಮಾಡ್ಕೊಂಡ. ಒಂದೇ ಒಂದು ಸ್ವರ, ಉದ್ದಕ್ಕೆ ಊದ್ದ.

ಕಲ್ಲೇಶಿ ಬಾಯಲ್ಲಿದ್ದ ಟಣ್ಣು ಆ ಸ್ವರದೊಳಗೆ ಹೋಗಿ ಕೂತ್ಬಿಡ್ತು. ಅದರ ಜಾಗ ಅದೇ ಅನ್ನೋ ಹಂಗೆ!

"ನನ್ ಓಲಗದ ಶ್ರುತಿ," ಅಂದ ಪಾಪಣ್ಣ. ಕೆನ್ನೆ ಮೇಲೆ ನೀರು ಇಳೀತಿತ್ತು. "ಇದು ನಮ್ಮಪ್ಪ ಊದ್ತಿದ್ದ ಓಲಗ. ಈ ಶ್ರುತಿ ಬೇರೆ ಯಾವ ಓಲಗಕ್ಕೂ ಇಲ್ಲ. ಇದಕ್ಕೇ ಬಿಗಿದವ್ನೆ. ಬಾರಿಸ್ದೆ ಇರೋ ಡೋಲನ್ನ ಯಾವನಾದ್ರೂ ಬಿಗೀತಾನಾ? ಕತ್ತೆ! ಕತ್ತೆ!"

ಮತ್ತೆ ಊದ್ದ. ಈ ಸಲ ಒಂದು ಸ್ವರ ಅಲ್ಲ! ಹೆಣ್ಮಗು ಹಸೆಮಣೆಗೆ ಬರೋವಾಗ ಊದೋದು, ಅದೇ! ದಡದ ಹಕ್ಕಿಗಳೆಲ್ಲ ಎದ್ದು ಹಾರಿದ್ವು.

ನಿಲ್ಲಿಸ್ದ. ಕಿವಿ ಕೊಟ್ಟ.

ಹೊಳೆ ಮೇಲೆ ಬರೀ ನೀರಿನ ಸದ್ದು.

ಕಲ್ಲೇಶಿ ಗುರುಗಳ ಕೈ ಹಿಡ್ಕೊಂಡ. ಗುರುಗಳು ಬಿಡಿಸ್ಕೊಳ್ಲಿಲ್ಲ.

ಆಮೇಲೆ ಬಂತು ನೋಡಿ! ಆಚೆ ದಡದಿಂದ! ಮೊದಲು ಒಂದು ಪೆಟ್ಟು, ಆಮೇಲೆ ಒಂದರ ಬೆನ್ನಿಗೆ ಒಂದು, ದಬದಬ ದಬದಬ! ಒಂದು ಪೆಟ್ಟೂ ಹಿಂದೆ ಇಲ್ಲ!

ಸಂಜೆ ಬಿಸಿಲಲ್ಲಿ ಒಂದು ತೆಪ್ಪ ಆಚೆಯಿಂದ ಹೊರಟಿತ್ತು. ತಾಯಮ್ಮ ಹುಟ್ಟು ಹಾಕ್ತಿದ್ಲು. ಗೋಪಾಲಿ ನಡುವೆ ನಿಂತಿದ್ದ, ಕುತ್ತಿಗೆಗೆ ಡೋಲು, ತಲೆಗೆ ಪೇಟ. ಪೇಟ ಯಾವ್ದು ಅಂತೀರಾ? ಆಶ್ರಮದ ಟವಲ್!

ಪಾಪಣ್ಣ ಮತ್ತೆ ಓಲಗ ಬಾಯಿಗಿಟ್ಟ. ಈ ಕಡೆಯಿಂದ ಓಲಗ, ಆ ಕಡೆಯಿಂದ ಡೋಲು, ನಡುವೆ ಹೊಳೆ!

ಕಲ್ಲೇಶಿಗೆ ನಿಂತಲ್ಲಿ ನಿಲ್ಲೋಕಾಗ್ಲಿಲ್ಲ. ಒಂದು ಕಾಲು ಆಗ್ಲೇ ಪಾಪಣ್ಣನ ಮನೆ ಕಡೆ ಎತ್ತಿದ್ದ.

"ಗುರುಗಳೇ! ಗುರುಗಳೇ! ಓಡೋಗಿ ಪದ್ಮಂಗೆ ಹೇಳ್ಬಿಡ್ಲಾ? ಚಿಕ್ಕಪ್ಪ ಬರ್ತಿದಾರೆ ಅಂತ, ಟಣ್ ಅಂದ್ರು ಅಂತ, ಎಣ್ಣೆ ಹಾಕ್ಕೊಂಡ್ರು ಅಂತ, ಎಲ್ಲಾ ಹೇಳ್ಬಿಡ್ಲಾ?"

"ಟವಲ್ ಯಾವ ಹೆಗಲ ಮೇಲಿದೆ?"

ಕಲ್ಲೇಶಿ ಬಲ ಹೆಗಲು ಮುಟ್ಟಿ ನೋಡ್ಕೊಂಡ. ಎಡ ಹೆಗಲು ಮುಟ್ಟಿ ನೋಡ್ಕೊಂಡ.

"ಕೂತ್ಕೋ," ಅಂದ್ರು ಗುರುಗಳು. "ಅವಳಿಗೂ ಕಿವಿ ಇದೆ."